ಇಬ್ಬರ ಟೇಬಲ್ಲಿಗೆ ಐದು ಕುರ್ಚಿ

ಮೈಸೂರಿನವರ ಬಾಯಲ್ಲಿ ‘ಬನ್ನಿ’ ಎನ್ನುವ ಮಾತಿಗೆ ಅರ್ಥವೇ ಇಲ್ಲ. ನಾನೂ ಮೈಸೂರಿನವಳೇ, ಹೇಳುವ ಹಕ್ಕಿದೆ. ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಚಿಲಕ ಹಿಡಿದುಕೊಂಡೇ ‘ಊಟ ಮಾಡ್ಕೊಂಡು ಹೋಗ್ಬಹುದಿತ್ತು’ ಅನ್ನುತ್ತೇವೆ. ಎದುರಿನವರು ‘ಅಯ್ಯೋ, ಇನ್ನೊಂದ್ಸಲ ಬರ್ತೀವಿ ಬಿಡಿ’ ಅನ್ನಬೇಕು. ನಾವು ‘ಹಾಗಂದ್ರೆ ಹೇಗೆ’ ಅನ್ನಬೇಕು. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿರಬೇಕು. ಒಲೆಯ ಮೇಲೆ ಏನೂ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತು. ಯಾರಿಗೂ ಬೇಜಾರಿಲ್ಲ.

ಈ ಉಪಚಾರದಲ್ಲಿ ನಮ್ಮ ಯಜಮಾನರನ್ನು ಮೀರಿಸುವವರು ಅಮೆರಿಕದಲ್ಲಿ ನಾವಿರುವ ಇಡೀ ಗೈದರ್ಸ್‌ಬರ್ಗಿನಲ್ಲಿ ಇಲ್ಲ. ನಲ್ಲಿ ರಿಪೇರಿಗೆ ಬಂದವನಿಗೆ ‘ಹಬ್ಬಕ್ಕೆ ಬನ್ನಿ’ ಅಂದಿದ್ದಾರೆ. ಕೊರೊನಾ ಲಸಿಕೆಯ ಸಾಲಿನಲ್ಲಿ ಆರು ಅಡಿ ಹಿಂದೆ ನಿಂತಿದ್ದವರನ್ನೂ ಮಾಸ್ಕಿನೊಳಗಿಂದಲೇ ಮನೆಗೆ ಕರೆದಿದ್ದಾರೆ. ‘ಸ್ವಲ್ಪ ಬಾಯಿ ಬಿಗಿಹಿಡೀರಿ’ ಎಂದು ನಾನು ಹೇಳಿದಾಗಲೆಲ್ಲ ‘ಅವರೇನು ನಿಜವಾಗ್ಲೂ ಬರ್ತಾರಾ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಂದಿದ್ದೂ ಇಲ್ಲ ಅನ್ನಿ. ಆ ಜುಲೈ ಶನಿವಾರದವರೆಗೆ.

ನಮ್ಮ ಮನೆಯಿಂದ ಐದು ನಿಮಿಷದ ಡ್ರೈವ್‌ನಲ್ಲಿ ಒಂದು ಸಣ್ಣ ಇಟಾಲಿಯನ್ ರೆಸ್ಟೋರೆಂಟು ಇದೆ. ಅಂಗಡಿ ಸಾಲಿನ ಕೊನೆಯಲ್ಲಿ, ಬಟ್ಟೆ ಒಗೆಯುವ ಲಾಂಡ್ರಿಯ ಪಕ್ಕ. ವಯಸ್ಸಾದ ಗಂಡ ಅಡಿಗೆಮನೆಯಲ್ಲಿ, ಹೆಂಡತಿ ಮುಂದೆ ಕೌಂಟರಿನಲ್ಲಿ, ಅವರ ಮಗಳು ಟೇಬಲ್ಲುಗಳ ನಡುವೆ. ಮೂವರೂ ಗಿರಾಕಿಗಳ ಮುಂದೆಯೇ ಜಗಳವಾಡುತ್ತಾರೆ, ಹಾಗಾಗಿ ನನಗೆ ಅಲ್ಲಿ ಪರಕೀಯ ಅನ್ನಿಸುವುದಿಲ್ಲ. ಎಲ್ಲವೂ ಮುಚ್ಚಿದ್ದ ಎರಡು ಸಾವಿರದ ಇಪ್ಪತ್ತರಲ್ಲಿ ಕೌಂಟರಿನ ಯಜಮಾನಿ ನಮ್ಮ ಕಾರಿನ ಡಿಕ್ಕಿಗೆ ಪಿಜ್ಜಾ ಡಬ್ಬಿ ಇಟ್ಟು, ದೂರದಿಂದ ಕೈಬೀಸಿ, ‘ಮಾಂಸ ಇಲ್ಲ, ಮೀನಿಲ್ಲ, ನನಗೆ ನೆನಪಿದೆ’ ಎಂದು ಕೂಗುತ್ತಿದ್ದಳು. ನಾನು ಕೇಳಿಕೊಂಡ ಮೇಲೆ ತರಕಾರಿ ಸೂಪಿಗೆ ಕೋಳಿಯ ಸಾರು ಹಾಕುವುದನ್ನೂ ನಿಲ್ಲಿಸಿದ್ದಾಳೆ. ಅಲ್ಲಿ ಕಿಟಕಿ ಪಕ್ಕ ಇಬ್ಬರಿಗೆ ಮಾತ್ರ ಜಾಗವಿರುವ ಒಂದೇ ಒಂದು ಟೇಬಲ್ಲು ಇದೆ. ಅದು ಬೇಕಾದರೆ ಮೊದಲೇ ಹೇಳಬೇಕು. ನಾನು ಬುಧವಾರವೇ ಫೋನ್ ಮಾಡಿ ಹೇಳಿದ್ದೆ.

ಬುಧವಾರ ಯಾಕೆ ಅಂದರೆ, ಅವತ್ತು ಬೆಳಿಗ್ಗೆ ನನಗೆ ಕೆಲಸ ಸಿಕ್ಕಿದ ಪತ್ರ ಬಂದಿತ್ತು.

ಹಿಂದಿನ ನವೆಂಬರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ನಮ್ಮ ವಿಭಾಗವನ್ನೇ ಮುಚ್ಚಿದರು. ಹದಿನಾರು ವರ್ಷ ದುಡಿದ ಜಾಗ. ಎಂಟು ತಿಂಗಳು ಮನೆಯಲ್ಲಿ ಕೂತೆ. ಬೆಳಿಗ್ಗೆ ಎದ್ದು ಅಪ್ಲೈ ಮಾಡುವುದು, ಮಧ್ಯಾಹ್ನ ಅಲಮಾರಿ ಜೋಡಿಸುವುದು, ಮಾರನೆಯ ದಿನ ಅದೇ ಅಲಮಾರಿಯನ್ನು ಮತ್ತೆ ಜೋಡಿಸುವುದು. ಮಗ ನಾರ್ತ್ ಕ್ಯಾರೊಲಿನಾದಲ್ಲಿ ಕಾಲೇಜು ಸೇರಿ ಎರಡು ವರ್ಷವಾಗಿತ್ತು, ಅವನಿಗೆ ಅಮ್ಮನ ಅಡಿಗೆಯೂ ಬೇಕಿರಲಿಲ್ಲ. ಯಾರಾದರೂ ‘ಏನ್ ಮಾಡ್ಕೊಂಡಿದ್ದೀರಾ?’ ಎಂದರೆ ಬಾಯಿಗೆ ಬೀಗ ಬೀಳುತ್ತಿತ್ತು. ಕೊನೆಗೂ ಒಂದು ಕೆಲಸ ಸಿಕ್ಕಿತು. ಹಳೆಯದಕ್ಕಿಂತ ದೊಡ್ಡದು. ಕೈಕೆಳಗೆ ಒಂಬತ್ತು ಜನ. ಆದರೆ ಅದು ಇರುವುದು ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ, ಕಾರಿನಲ್ಲಿ ಹೋದರೆ ಹತ್ತು ಗಂಟೆಯ ದಾರಿ. ಇವರ ಆಫೀಸು ವಾಷಿಂಗ್ಟನ್ನಿನಲ್ಲಿ, ವಾರಕ್ಕೆ ಐದು ದಿನವೂ ಮೆಟ್ರೋ ಹತ್ತಿ ಹೋಗಲೇಬೇಕು. ನಾನು ಒಪ್ಪಿಕೊಂಡರೆ ಸಂಸಾರ ಎರಡು ಊರಿನಲ್ಲಿ. ಸೋಮವಾರ ಬೆಳಿಗ್ಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಮನೆಯಲ್ಲೇ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರು ನಮ್ಮ ಯಜಮಾನರ ಜೊತೆ ಒಂದು ವಾರ ಸಂಸಾರ ಮಾಡಿ ನೋಡಲಿ. ಸ್ವಲ್ಪ ಭಾರದ ಮಾತು ಎತ್ತಿದರೆ ಸಾಕು, ‘ನೋಡೋಣ’ ಎಂದು ಎದ್ದು ಕರಿಬೇವಿನ ಕುಂಡಕ್ಕೆ ನೀರು ಹಾಕಲು ಹೋಗುತ್ತಾರೆ. ಆ ಗಿಡ ಅರ್ಧ ಸತ್ತಿರುವುದು ನಮ್ಮ ಮನೆಯ ಭಾರದ ಮಾತುಗಳಿಂದಲೇ. ರೆಸ್ಟೋರೆಂಟಿನಲ್ಲಾದರೆ ಎದ್ದು ಹೋಗುವಂತಿಲ್ಲ. ಬ್ರೆಡ್ಡು ಬರುವ ಹೊತ್ತಿಗೆ ವಿಷಯ ಹೇಳಬೇಕು, ಊಟ ಮುಗಿಯುವ ಹೊತ್ತಿಗೆ ಉತ್ತರ ಪಡೆಯಬೇಕು. ಇದು ನನ್ನ ಪ್ಲಾನು.

ಶುಕ್ರವಾರ ಸಂಜೆ ಇಬ್ಬರೂ ಇಂಡಿಯನ್ ಅಂಗಡಿಗೆ ಹೋಗಿದ್ದೆವು. ಬೆಂಡೆಕಾಯಿ ರಾಶಿಯ ಹತ್ತಿರ ಧಾರವಾಡದ ಡಾಕ್ಟರು ಸಿಕ್ಕಿದರು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನೋಡಿ ಗೊತ್ತು, ಅಷ್ಟೇ. ಜೊತೆಗೆ ಅವರ ಹೆಂಡತಿ ಇದ್ದರು, ಊರಿಂದ ಬಂದಿದ್ದ ಹೆಂಡತಿಯ ತಾಯಿಯೂ ಇದ್ದರು. ‘ಹೇಗಿದ್ದೀರಿ, ಚೆನ್ನಾಗಿದ್ದೀವಿ’ ಎಲ್ಲ ಆಯಿತು. ನಾನು ಗಾಡಿಯನ್ನು ಎರಡು ಹೆಜ್ಜೆ ಮುಂದೆ ತಳ್ಳಿ ಬೆಂಡೆಕಾಯಿ ಆರಿಸುತ್ತಿದ್ದೆ. ಹಿಂದಿನಿಂದ ಇವರ ದನಿ ಕೇಳಿಸಿತು.

“ನಾಳೆ ಐದೂವರೆಗೆ ನಾವು ಅಲ್ಲಿ ಲಾಂಡ್ರಿ ಪಕ್ಕದ ಇಟಾಲಿಯನ್‌ಗೆ ಊಟಕ್ಕೆ ಹೋಗ್ತಿದ್ದೀವಿ. ನೀವೂ ಬನ್ನಿ ಡಾಕ್ಟ್ರೇ, ಎಲ್ಲರೂ ಬನ್ನಿ.”

ನನಗೆ ಗಾಬರಿಯೇನೂ ಆಗಲಿಲ್ಲ. ಡಾಕ್ಟರು ‘ಅಯ್ಯೋ, ಇನ್ನೊಂದ್ಸಲ’ ಅನ್ನುತ್ತಾರೆ, ಇವರು ‘ಹಾಗಂದ್ರೆ ಹೇಗೆ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

“ಹೌದೇನ್ರಿ? ಛಲೋ ಆತ ತಗೋರಿ!” ಎಂದರು ಡಾಕ್ಟರು. “ನಮ್ಮ ಅತ್ತಿಯವರಿಗೂ ಮನ್ಯಾಗ ಕುಂತ ಕುಂತ ಬ್ಯಾಸರಾಗೇದ. ಐದೂವರಿಗೆ ಅಂದ್ರಲ್ಲಾ? ಬರ್ತೀವ್ರಿ.”

ನಾನು ಬೆಂಡೆಕಾಯಿ ಮುರಿಯುವ ಬದಲು ಬೆರಳನ್ನೇ ಮುರಿದುಕೊಳ್ಳುವಂತಾಯಿತು. ತಪ್ಪು ಡಾಕ್ಟರದ್ದಲ್ಲ. ಧಾರವಾಡದ ಕಡೆ ಬರ್ರಿ ಅಂದರೆ ಬರಬೇಕು ಎಂದೇ ಅರ್ಥ, ಕರೆದವರ ಮನೆಯಲ್ಲಿ ರೊಟ್ಟಿ ತಟ್ಟಿರುತ್ತಾರೆ. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾರಿನಲ್ಲಿ ನಾನು ಕೂಗಾಡಿದೆ. ‘ನಾಳೆ ನಾವಿಬ್ರೇ ಹೋಗೋಣ ಅಂತ ಹೇಳಿದ್ದೆ ತಾನೇ? ಎಷ್ಟು ಸಲ ಹೇಳಿದ್ದೆ?’ ಎಂದರೆ ಇವರು ರಸ್ತೆ ನೋಡುತ್ತಾ, “ಬಾಯಿಂದ ಬಂದ್ಬಿಡ್ತು” ಎಂದರು. ಬಾಯಂತೆ ಬಾಯಿ! ಅದಕ್ಕೊಂದು ಬಾಗಿಲು ಇಡಿಸಬೇಕು ಎಂದೆ.

ಭಾನುವಾರ ಹೇಳೋಣವೆಂದರೆ ಅವತ್ತು ಇಡೀ ದಿನ ಸಂಘದ ಪಿಕ್ನಿಕ್, ಅಲ್ಲಿ ಇವರೇ ಅಡಿಗೆಯ ಉಸ್ತುವಾರಿ. ಹೇಗಾದರೂ ಶನಿವಾರವೇ ಮಾತು ಆಗಬೇಕು. ಎಲ್ಲರೂ ಊಟ ಮುಗಿಸಿ ಬೇಗ ಹೊರಟರೆ ನಾವಿಬ್ಬರೂ ಅಲ್ಲೇ ಉಳಿಯಬಹುದು ಎಂದು ಲೆಕ್ಕ ಹಾಕಿದೆ.

ಶನಿವಾರ ನಾವು ಒಳಗೆ ಕಾಲಿಟ್ಟಾಗ ಯಜಮಾನಿ ಕಿಟಕಿ ಪಕ್ಕದ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿ, ಸಣ್ಣ ಬಾಟಲಿಯಲ್ಲಿ ತುಳಸಿಯ ಜಾತಿಯ ಆ ಬೇಸಿಲ್ ಸೊಪ್ಪಿನ ಒಂದು ಕಡ್ಡಿ ಇಟ್ಟಿದ್ದಳು. ನನಗೋಸ್ಕರ. ಹಿಂದೆಯೇ ಡಾಕ್ಟರ ಸಂಸಾರ ಒಳಬಂತು. ‘ಐದು ಜನ’ ಎಂದು ನಾನು ಹೇಳಿದೆ. ಆಕೆ ನನ್ನ ಮುಖ ನೋಡಿದಳು, ಇವರ ಮುಖ ನೋಡಿದಳು, ‘ಇಬ್ಬರು ಅಂದಿದ್ದೆಯಲ್ಲ?’ ಎಂದಳು. ನಾನು ಏನು ಹೇಳಲಿ? ಮೈಸೂರಿನ ಉಪಚಾರದ ಇತಿಹಾಸವನ್ನು ಆ ತಾಯಿಗೆ ಇಂಗ್ಲಿಷಿನಲ್ಲಿ ವಿವರಿಸಲೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಡಿಗೆಮನೆಯ ಬಾಗಿಲ ಹತ್ತಿರ ಎರಡು ಟೇಬಲ್ಲು ಜೋಡಿಸಿ, ಐದು ಕುರ್ಚಿ ಹಾಕಿ ನಮ್ಮನ್ನು ಕೂರಿಸಿದರು. ಕಿಟಕಿಯ ಟೇಬಲ್ಲಿಗೆ ಯಾರೋ ಪ್ರೇಮಿಗಳು ಬಂದು ಕೂತು ಇಬ್ಬರೂ ಫೋನು ನೋಡತೊಡಗಿದರು. ನನ್ನ ಹೊಟ್ಟೆ ಉರಿಯಿತು.

ಇನ್ನು ಆರ್ಡರು. ಡಾಕ್ಟರ ಅತ್ತೆಗೆ ಎಪ್ಪತ್ತರ ಮೇಲೆ ವಯಸ್ಸು, ಒಳ್ಳೆಯ ಗಟ್ಟಿ ದನಿ. ಮಗಳು ಮೆನು ಓದಿ ಹೇಳುತ್ತಿದ್ದರೆ ಅಜ್ಜಿ ತಲೆ ಅಲ್ಲಾಡಿಸುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ಇಲ್ಲಿ ಬಂದ ಮ್ಯಾಲೆ ಮಡಿ ಎಲ್ಲಾ ಬಿಟ್ಟೀನವಾ. ವ್ರತ ಒಂದ ಬಿಟ್ಟಿಲ್ಲ. ಈಗ ಶಾಕವ್ರತ ನಡದದ.”

ಅಯ್ಯೋ ರಾಮ. ಚಾತುರ್ಮಾಸದ ಮೊದಲ ತಿಂಗಳು. ಕಾಯಿಪಲ್ಯ ಇಲ್ಲ, ಸೊಪ್ಪಿಲ್ಲ, ಗೆಡ್ಡೆಯಿಲ್ಲ, ಮಾವು ಬಿಟ್ಟರೆ ಹಣ್ಣಿಲ್ಲ. ಅಂದರೆ ಟೊಮ್ಯಾಟೊ ಇಲ್ಲ, ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬದನೆಕಾಯಿ ಇಲ್ಲ. ಇಟಾಲಿಯನ್ ಹೋಟೆಲಿನಲ್ಲಿ ಇಷ್ಟನ್ನು ಕಳೆದರೆ ಉಳಿಯುವುದು ಮೇಜುಬಟ್ಟೆ. ಆರ್ಡರು ತೆಗೆದುಕೊಳ್ಳಲು ಬಂದ ಯಜಮಾನಿಯ ಮಗಳು ಪೆನ್ನು ಹಿಡಿದು ನಿಂತಳು. ಡಾಕ್ಟರು ವ್ರತವನ್ನು ಇಂಗ್ಲಿಷಿನಲ್ಲಿ ವಿವರಿಸಿದರು, ಅವರ ಹೆಂಡತಿ ತಿದ್ದಿದರು, ಇವರು ಇಬ್ಬರನ್ನೂ ತಿದ್ದಿದರು. ಆ ಹುಡುಗಿ ‘ಅಲರ್ಜಿಯಾ?’ ಎಂದು ಕೇಳಿದಳು. ಕೊನೆಗೆ ಯಜಮಾನಿಯೇ ಬಂದಳು.

“ಎಷ್ಟು ದಿನ ಈ ಉಪವಾಸ?” ಎಂದಳು.

“ಒಂದ ತಿಂಗಳು ಇದು, ಪೂರ್ತಿ ವ್ರತ ನಾಲ್ಕ ತಿಂಗಳು” ಎಂದು ಅಜ್ಜಿ ಹೇಳಿದ್ದನ್ನು ನಾನು ತರ್ಜುಮೆ ಮಾಡಿದೆ.

ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. “ನಾಲ್ಕು ತಿಂಗಳು! ನಮಗೆ ಈಸ್ಟರಿಗೆ ಮುಂಚಿನ ನಲವತ್ತು ದಿನಕ್ಕೇ ಜೀವ ಹೋಗುತ್ತೆ.” ಪಾಸ್ತಾ ಮಾಡಿಕೊಡುತ್ತೇನೆ, ಆಲಿವ್ ಎಣ್ಣೆ, ಕಾಳುಮೆಣಸು ಅಷ್ಟೇ ಎಂದಳು.

“ಆಲಿವ್ ಅಂದ್ರ ಕಾಯಿ ಏನು, ಹಣ್ಣೇನು?” ಎಂದರು ಅಜ್ಜಿ.

ಇದರ ಮೇಲೆ ಹತ್ತು ನಿಮಿಷ ಚರ್ಚೆ ನಡೆಯಿತು. ನಾನು ಹಣೆ ಒತ್ತಿಕೊಂಡು ಕೂತೆ. ಕೊನೆಗೆ ಮೊಟ್ಟೆ ಹಾಕದ ಒಣ ಪಾಸ್ತಾ, ಬೆಣ್ಣೆ, ಕಾಳುಮೆಣಸಿನ ಪುಡಿ ಎಂದು ತೀರ್ಮಾನವಾಯಿತು. ಅದು ಬಂದ ಮೇಲೆ ಅಜ್ಜಿ ಒಂದು ತುತ್ತು ತಿಂದು, “ಛಲೋ ಆಗೇದ, ಶಾವಿಗಿ ಇದ್ದಂಗದ” ಎಂದು ಸರ್ಟಿಫಿಕೇಟು ಕೊಟ್ಟರು.

ಅಜ್ಜಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಎದುರಿಗೆ ಕೂತಿದ್ದವರ ಮೇಲೆ. ನಮ್ಮ ಯಜಮಾನರು ಅವತ್ತಿನಷ್ಟು ಮಾತಾಡಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿರಲಿಲ್ಲ. ಮನೆಯಲ್ಲಿ ‘ಹೂಂ’, ‘ನೋಡೋಣ’, ‘ಮೊಸರಿದೆಯಾ’ ಬಿಟ್ಟರೆ ನಾಲ್ಕನೇ ಮಾತಿಲ್ಲದ ಮನುಷ್ಯ ಅಲ್ಲಿ ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಉದ್ದದ ಬಗ್ಗೆ ಕಾಲು ಗಂಟೆ ಮಾತಾಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಡುವೆ ಒಂದು ಸಲ ಡಾಕ್ಟರೇ ಮಾತು ತೆಗೆದರು: “ನಮ್ಮ ಅಣ್ಣ ಲಾರೆನ್ಸ್‌ವಿಲ್‌ದಾಗ ಮನಿ ತಗೊಂಡಾನ್ರಿ. ಭಾಳ ಛಲೋ ಊರು ಅಂತಾನ.” ಇದೇ ಸಮಯ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಅಜ್ಜಿಯ ಕಡೆ ವಾಲಿ, “ನಿಮ್ಮ ಮಂಡಿನೋವು ಈಗ ಹೇಗಿದೆ ಅಮ್ಮಾ?” ಎಂದರು. ಅಜ್ಜಿಗೆ ಮಂಡಿನೋವೇ ಇರಲಿಲ್ಲ. ಇಲ್ಲ ಎನ್ನಲು ಅವರು ತಮ್ಮ ಬೆನ್ನುನೋವಿನ ಕಥೆ ಪೂರ್ತಿ ಹೇಳಿದರು.

ಊಟ ಮುಗಿಯಿತು. ಡಾಕ್ಟರು ಏಳಲು ನೋಡಿದರು. “ಕೂತ್ಕೊಳ್ಳಿ, ಕೂತ್ಕೊಳ್ಳಿ, ಕಾಫಿ ಆಗ್ಲಿ” ಎಂದರು ಇವರು. ಸಂಜೆ ನಾಲ್ಕರ ಮೇಲೆ ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲ ಎಂದು ಮನೆಯಲ್ಲಿ ಗಲಾಟೆ ಮಾಡುವ ಈ ಮನುಷ್ಯ ಆ ಬೆರಳುದ್ದದ ಕಪ್ಪಿನಲ್ಲಿ ಬರುವ ಕಹಿ ಕಾಫಿಯನ್ನು ಎರಡು ಸಲ ತರಿಸಿಕೊಂಡರು. ಆಮೇಲೆ ಐಸ್‌ಕ್ರೀಮು. ನಾನು ಮೇಜಿನ ಕೆಳಗೆ ಕಾಲಿನಿಂದ ಒದ್ದೆ. ಏಟು ಡಾಕ್ಟರ ಹೆಂಡತಿಗೆ ಬಿದ್ದು ಅವರು ‘ಸಾರಿ’ ಎಂದರು.

ಅಜ್ಜಿ ಮಾತ್ರ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. “ಯಾಕವಾ, ನೀ ಏನೂ ತಿನ್ನಲಿಲ್ಲಲ್ಲ?” ಎಂದರು ಮೆಲ್ಲಗೆ. ನನ್ನ ಬದನೆಕಾಯಿಯ ಮೇಲಿನ ಚೀಸು ಗಟ್ಟಿಯಾಗಿ ಹೋಗಿತ್ತು. “ಹಸಿವಿಲ್ಲ ಅಮ್ಮ” ಎಂದೆ. ಆ ಮುದುಕಿಯ ಕೈ ಹಿಡಿದು ಎಲ್ಲ ಹೇಳಿಬಿಡೋಣ ಅನ್ನಿಸಿತು. ಪರಿಚಯವಾಗಿ ಒಂದು ದಿನವಾದವರಿಗೆ ಹೇಳಬಹುದಾದ ಮಾತನ್ನು ಕಟ್ಟಿಕೊಂಡ ಗಂಡನಿಗೆ ಹೇಳಲು ಆಗುತ್ತಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಹೊರಗೆ ಪಾರ್ಕಿಂಗ್ ಜಾಗದಲ್ಲಿ ಇನ್ನೂ ಬಿಸಿಲಿತ್ತು. ಅಲ್ಲಿ ನಿಂತುಕೊಂಡು ಇಪ್ಪತ್ತು ನಿಮಿಷ ಮಾತಾಯಿತು. ನಮ್ಮವರು ಬಿಟ್ಟಾರೆಯೇ? “ಮನೆಗೆ ಬನ್ನಿ, ಟೀ ಕುಡಿದು ಹೋಗುವಿರಂತೆ. ಐದೇ ನಿಮಿಷ.”

ಡಾಕ್ಟರು ‘ಆತು, ಬರ್ತೀವ್ರಿ’ ಎನ್ನಲು ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅಜ್ಜಿ ಕಾರಿನ ಬಾಗಿಲು ತೆಗೆದು ಒಳಗೆ ಕೂತೇಬಿಟ್ಟರು. “ಸಾಕಪಾ, ನಾ ಹೊತ್ತಿಗೆ ಮಲಗಾಕಿ. ಅಕೀನೂ ದಣದಾಳ, ಮನಿಗೆ ಕರ್ಕೊಂಡ ಹೋಗು” ಎಂದು ನಮ್ಮ ಯಜಮಾನರಿಗೆ ಹೇಳಿ, ಬೆಲ್ಟು ಹಾಕಿಕೊಂಡರು. ಆ ತಾಯಿ ನೂರು ವರ್ಷ ಬಾಳಲಿ.

ನಾವೂ ಕಾರು ಹತ್ತಿದೆವು. ಇವರು ಬೀಗದ ಕೈ ತಿರುಗಿಸುವ ಮೊದಲೇ ನಾನು ಹೇಳಿದೆ. ಬ್ರೆಡ್ಡೂ ಇಲ್ಲ, ಕಿಟಕಿಯೂ ಇಲ್ಲ, ಮುಂದೆ ಲಾಂಡ್ರಿಯ ಗೋಡೆ.

“ಲಾರೆನ್ಸ್‌ವಿಲ್‌ನಲ್ಲಿ ನಂಗೆ ಕೆಲಸ ಸಿಕ್ಕಿದೆ. ಸೋಮವಾರ ಬೆಳಿಗ್ಗೆ ಉತ್ತರ ಕೊಡ್ಬೇಕು.”

“ಗೊತ್ತು” ಎಂದರು.

“ಏನ್ ಗೊತ್ತು?”

“ಗುರುವಾರ ಪ್ರಿಂಟರ್ ಹತ್ರ ಹೋಗಿದ್ದೆ. ನೀನು ಪ್ರಿಂಟ್ ಮಾಡಿದ್ದ ಪತ್ರದ ಎರಡನೇ ಪುಟ ಟ್ರೇನಲ್ಲೇ ಉಳಿದಿತ್ತು.”

ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ಗುರುವಾರ. ಆಮೇಲೆ ಶುಕ್ರವಾರ, ಬೆಂಡೆಕಾಯಿ.

“ಗುರುವಾರವೇ ಗೊತ್ತಿದ್ರೆ ಶುಕ್ರವಾರ ಅವರನ್ನ ಯಾಕ್ರೀ ಕರೆದ್ರಿ?”

ಇವರು ಸ್ಟೀರಿಂಗ್ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು. “ಅದಕ್ಕೇ ಕರೆದೆ” ಎಂದರು. “ಮೈಸೂರಿನವರನ್ನ ಕರೆದಿದ್ರೆ ಬರ್ತಿರ್ಲಿಲ್ಲ. ಡಾಕ್ಟ್ರು ಬಂದೇ ಬರ್ತಾರೆ ಅಂತ ಗೊತ್ತಿತ್ತು.”

ನಾನು ಬಾಯಿಗೆ ಬಂದಂತೆ ಬೈದೆ. ‘ನಿಮಗೆ ಮನುಷ್ಯತ್ವ ಇದೆಯಾ, ಮೂರು ದಿನ ನಾನು ಒಳಗೊಳಗೇ ಬೆಂದಿದ್ದೀನಿ, ನೀವು ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಅಳೀತಾ ಕೂತಿದ್ರಾ’ ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದರು:

“ನಾವಿಬ್ರೇ ಕೂತ್ರೆ ನೀನು ಹೇಳ್ತೀಯ. ನೀನು ಹೇಳಿದ್ರೆ ನಾನು ಏನಾದ್ರೂ ಹೇಳ್ಬೇಕು. ಬೇಡ ಅನ್ನೋ ಹಾಗಿಲ್ಲ. ಈ ಎಂಟು ತಿಂಗಳು ನೀನು ಹೇಗಿದ್ದೆ ಅಂತ ನಾನು ನೋಡಿಲ್ವಾ? ಒಂದೇ ಅಲಮಾರಿ ಎಷ್ಟು ಸಲ ಜೋಡಿಸಿದೆ ನೀನು. ಹೋಗು ಅಂತ್ಲೇ ಹೇಳ್ಬೇಕು. ಅದನ್ನ ಒಂದು ದಿನ ಮುಂದಕ್ಕೆ ಹಾಕೋಣ ಅಂತ ಅಷ್ಟೇ ಕಣೆ.”

ಅವರ ದನಿ ನಡುಗುತ್ತಿತ್ತು. ಅಳುತ್ತಿದ್ದರೋ, ಎರಡು ಕಪ್ಪು ಕಾಫಿಯ ಪ್ರಭಾವವೋ ನನಗೆ ಗೊತ್ತಾಗಲಿಲ್ಲ. ಲಾಂಡ್ರಿಯಿಂದ ಒಬ್ಬಾಕೆ ಬಟ್ಟೆಯ ಬುಟ್ಟಿ ಹೊತ್ತು ನಮ್ಮ ಕಾರಿನ ಮುಂದೆ ಹಾದುಹೋದಳು.

“ನಾನು ಹೋಗ್ತೀನಿ” ಎಂದೆ.

“ಹೋಗು” ಎಂದರು.

ಮೂರು ದಿನದಿಂದ ನಾನು ಕಾದಿದ್ದು ಆ ಒಂದು ಮಾತಿಗೆ. ಅದನ್ನು ಕೇಳಿಸಿಕೊಳ್ಳಲು ಟೇಬಲ್ಲು ಹೇಳಿದ್ದೆ, ಪ್ಲಾನು ಹಾಕಿದ್ದೆ. ಬೇಡ ಅಂದರೆ ಏನೇನು ವಾದ ಮಾಡಬೇಕು ಎಂದು ಫೋನಿನಲ್ಲಿ ಬರೆದುಕೊಂಡೂ ಇದ್ದೆ. ಇವರು ಕಾರು ಹಿಂದಕ್ಕೆ ತೆಗೆಯಲು ಕತ್ತು ತಿರುಗಿಸಿದರು. ನನಗೆ ತಡೆಯಲಾಗದಷ್ಟು ಅಳು ಬಂತು.

“ಬಾಯಿಮಾತಿಗಾದ್ರೂ ಒಂದು ಸಲ ಬೇಡ ಅನ್ನಬಾರ್ದಿತ್ತೇನ್ರೀ?” ಎಂದೆ.